ಕೊನೆ ಗೊತ್ತಿಲ್ಲದೆ ಕತೆ ಬರೆಯಬಹುದೇ?

ಪ್ರಶ್ನೆ: ನಾನು ಪ್ರೌಢಶಾಲೆ ಶಿಕ್ಷಕಿ. ದೀಪಾವಳಿ ವಿಶೇಷಾಂಕದ ಸ್ಪರ್ಧೆಗೆಂದು ಕತೆ ಬರೆಯುತ್ತಿದ್ದೇನೆ. ಅಪ್ಪ ತೀರಿಕೊಂಡ ಮೇಲೆ ಅಣ್ಣ ಅಡಿಕೆ ತೋಟದ ಹಕ್ಕು ಬಿಡುಗಡೆ ಪತ್ರಕ್ಕೆ ತಂಗಿಯ ಸಹಿ ಕೇಳುತ್ತಾನೆ. ಒಂಬತ್ತು ಪುಟ ಆಗಿದೆ, ಅವಳು ಸಹಿ ಹಾಕುತ್ತಾಳೋ ಇಲ್ಲವೋ ನನಗೇ ತಿಳಿಯುತ್ತಿಲ್ಲ. ಕೊನೆ ಗೊತ್ತಿಲ್ಲದಿದ್ದರೆ ಶುರುವೇ ಮಾಡಬಾರದಿತ್ತು ಅನ್ನುತ್ತಾರೆ ಯಜಮಾನರು. ಹೀಗೇ ನಾಲ್ಕು ಕತೆ ಅರ್ಧಕ್ಕೆ ನಿಂತಿವೆ. ಬಿಟ್ಟುಬಿಡಲೇ?
– ಹೆಸರು ಬೇಡ, ಸಾಗರ

ಉತ್ತರ: ಬಿಡಬೇಡಿ. ಯಜಮಾನರ ಮಾತು ಪತ್ತೇದಾರಿ ಕತೆಗೆ ಸರಿ. ಕೊಲೆಗಾರ ಯಾರೆಂದು ತಿಳಿಯದೆ ಸುಳಿವು ಎಲ್ಲಿಡಲು ಸಾಧ್ಯ? ನಿಮ್ಮದು ಆ ಜಾತಿಯ ಕತೆಯಲ್ಲ. ಸಮಸ್ಯೆಯನ್ನು ಬಿಡಿಸುವುದು ಬೇರೆ, ಸರಿಯಾಗಿ ಮುಂದಿಡುವುದು ಬೇರೆ, ಕಲಾವಿದನಿಗೆ ಎರಡನೆಯದಷ್ಟೇ ಕಡ್ಡಾಯ ಎಂದು ರಷ್ಯದ ಕತೆಗಾರ ಚೆಕಾಫ್ 1888ರಲ್ಲೇ ತನ್ನ ಪ್ರಕಾಶಕ ಸುವೊರಿನ್‌ಗೆ ಕಾಗದ ಬರೆದಿದ್ದ.

ಆದರೆ ಒಂದು ಮಾತು ನಿಮಗೆ ಗೊತ್ತಿರಲೇಬೇಕು: ತಂಗಿಗೆ ಬೇಕಾದ್ದೇನು? ದುಡ್ಡೇ? ‘ನಿನಗೂ ಪಾಲಿದೆ’ ಎಂದು ಅಣ್ಣನ ಬಾಯಲ್ಲಿ ಕೇಳುವುದೇ? ಬೇಸಿಗೆ ರಜೆಗೆ ಬರಲು ತವರೊಂದು ಉಳಿಯುವುದೇ? ಇದು ತೀರ್ಮಾನವಾಗದಿದ್ದರೆ ಪಾತ್ರ ಕಾಫಿ ಕುಡಿಯುತ್ತ, ಹಳೆಯದನ್ನು ನೆನೆಯುತ್ತ ಪುಟ ತುಂಬಿಸುತ್ತದೆ. ಕೊನೆಯ ಮೂರು ಪುಟ ತೆಗೆದು ನೋಡಿ, ಬರೀ ನೆನಪೇ ಇದ್ದರೆ ಕತೆ ಸಿಕ್ಕಿಕೊಂಡಿರುವುದು ಅಲ್ಲೇ.

ಆಮೇಲೆ ದೃಶ್ಯವನ್ನು ಮನೆಯ ಜಗಲಿಯಿಂದ ಎಬ್ಬಿಸಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಹಿಂದೂ ಕುಟುಂಬದ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಪಾಲು. ಅದನ್ನು ಬಿಟ್ಟುಕೊಡುವ ಪತ್ರ ನೋಂದಣಿಯಾಗಬೇಕು, ಮನೆಯಲ್ಲಿ ಸಹಿ ಹಾಕಿದರೆ ಮುಗಿಯುವುದಿಲ್ಲ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಅವಳ ಫೋಟೊ ತೆಗೆಯುತ್ತಾರೆ, ಹೆಬ್ಬೆರಳಿನ ಗುರುತು ಪಡೆಯುತ್ತಾರೆ, ಸಾಕ್ಷಿಗಳು ಪಕ್ಕದಲ್ಲೇ ನಿಂತಿರುತ್ತಾರೆ. ಸರದಿಗಾಗಿ ಒಂದೇ ಬೆಂಚಿನ ಮೇಲೆ ಕೂತ ಅಣ್ಣ ತಂಗಿ ಏನು ಮಾತಾಡಿಕೊಳ್ಳುತ್ತಾರೆ? ನಿಮಗೆ ಗೊತ್ತಿಲ್ಲದ್ದು ಅಲ್ಲಿ ಬರೆಯುತ್ತ ಬರೆಯುತ್ತ ತಿಳಿಯುತ್ತದೆ.

ಅಲ್ಲಿಂದ ಮೂರು ಕೊನೆ ಬರೆಯಿರಿ, ತಲಾ ಇನ್ನೂರು ಪದ ಮೀರದಂತೆ. ಒಂದರಲ್ಲಿ ಸಹಿ ಹಾಕುತ್ತಾಳೆ, ಇನ್ನೊಂದರಲ್ಲಿ ಹಾಕುವುದಿಲ್ಲ, ಮೂರನೆಯದರಲ್ಲಿ ಇಬ್ಬರೂ ಎಣಿಸದ್ದು ನಡೆಯುತ್ತದೆ. ಮೊದಲೆರಡು ಸಾಮಾನ್ಯವಾಗಿ ಎಲ್ಲೋ ಓದಿದಂತೆಯೇ ಬರುತ್ತವೆ, ಅವು ಹೊರಬಿದ್ದ ಮೇಲೆಯೇ ನಿಮ್ಮದು ಬರುವುದು. ಆ ದಿನವೇ ಆರಿಸಬೇಡಿ. ವಾರ ಬಿಟ್ಟು ಗಟ್ಟಿಯಾಗಿ ಓದಿ, ಒಪ್ಪಿದ ಕೊನೆಗೆ ಬೇಕಾದ ಬೀಜವನ್ನು ಎರಡನೆಯದೋ ಮೂರನೆಯದೋ ಪುಟದಲ್ಲಿ ಬಿತ್ತಿ ಬನ್ನಿ.

‘ಅವಳು ಪೆನ್ನು ಎತ್ತಿಕೊಂಡಳು’ ಎಂದು ನಿಲ್ಲಿಸುವ ಆಸೆಯಾದೀತು. ದಯವಿಟ್ಟು ಬೇಡ, ಅದು ತಪ್ಪಿಸಿಕೊಳ್ಳುವ ದಾರಿ. ಏನಾಯಿತು ಎಂಬುದು ಓದುಗರಿಗೆ ತಿಳಿಯಲಿ. ಆದದ್ದರಿಂದ ಆ ಇಬ್ಬರ ನಡುವೆ ಏನು ಉಳಿಯಿತು ಎಂಬುದಷ್ಟೇ ತೆರೆದಿರಲಿ.

ನಾಲ್ಕು ಕತೆ ನಿಂತದ್ದಕ್ಕೆ ದಿನವೂ ಮೊದಲ ಪುಟದಿಂದ ತಿದ್ದುತ್ತ ಬರುವ ಅಭ್ಯಾಸ ಕಾರಣವಿರಬಹುದು. ತಿದ್ದಿ ತಿದ್ದಿ ಚೆಂದವಾದ ಪುಟವನ್ನು ಆಮೇಲೆ ಕತ್ತರಿಸಲು ಕೈ ಬರುವುದಿಲ್ಲ, ಕತೆಯೇ ಅದಕ್ಕೆ ಬಗ್ಗಬೇಕಾಗುತ್ತದೆ. ಕೊನೆ ಮುಟ್ಟುವ ತನಕ ಹಿಂದಕ್ಕೆ ತಿರುಗಬೇಡಿ. ಮುಂದಿನ ದೃಶ್ಯದ ಒಂದು ಸಾಲು ಗೀಚಿಟ್ಟು ಏಳಿ, ಮರುದಿನ ಅಲ್ಲಿಂದಲೇ ಹಿಡಿಯಿರಿ.

ಮುಗಿದ ಮೇಲೆ ಮೊದಲು ಯಜಮಾನರಿಗೇ ಓದಲು ಕೊಡಿ. ‘ಹೇಗಿದೆ’ ಅಂತ ಕೇಳದೆ, ‘ಮುಂದಿನ ಹಬ್ಬಕ್ಕೆ ಅವಳು ತವರಿಗೆ ಹೋಗುತ್ತಾಳಾ?’ ಅಂತ ಕೇಳಿ. ಅವರು ಯೋಚಿಸತೊಡಗಿದರೆ ಅಂಚೆಗೆ ಹಾಕಿ. ‘ಅಂದರೆ, ಸಹಿ ಹಾಕಿದಳಾ?’ ಎಂದು ತಿರುಗಿ ಕೇಳಿದರೆ ಆಫೀಸಿನ ದೃಶ್ಯವನ್ನು ಇನ್ನೊಮ್ಮೆ ಬರೆಯಿರಿ.