ಹೆಸರಿನ ಮುಂದೆ ಹಾಕದ ಓದು

ಮುಂಬೈ ಪಕ್ಕದ ಠಾಣೆಯ ಒಂದು ಕನ್ನಡ ಸಂಘದ ಮಹಡಿ ಕೋಣೆಯಲ್ಲಿ ನಾನು ಪ್ರತಿ ಭಾನುವಾರ ಬೆಳಿಗ್ಗೆ ಕೂರುತ್ತೇನೆ. ಓದು, ಕೆಲಸ, ಮನೆಯ ತಾಪತ್ರಯ, ಏನೇ ಇರಲಿ, ಜನ ಬಂದು ಹೇಳಿಕೊಳ್ಳುತ್ತಾರೆ. ಈಚೆಗೆ ಜಾಸ್ತಿ ಬರುತ್ತಿರುವವರು ಊರಲ್ಲಿ ಐಟಿಐ ಮುಗಿಸಿ ಇಲ್ಲಿಗೆ ಬಂದ ಹುಡುಗರು. ಎಲೆಕ್ಟ್ರಿಶಿಯನ್, ಫಿಟ್ಟರ್, ಎಸಿ ಮೆಕ್ಯಾನಿಕ್. ಕೆಲಸ ಇದೆ, ಸಂಬಳ ಬರುತ್ತದೆ. ಆದರೂ ಎಲ್ಲರ ಪ್ರಶ್ನೆ ಒಂದೇ. "ಮೇಡಂ, ನಾನು ಈಗ ಡಿಗ್ರಿ ಮಾಡಬಹುದಾ?"

ಮೊದಲೆಲ್ಲ ನಾನು "ಖಂಡಿತ ಮಾಡಿ" ಅಂದುಬಿಡುತ್ತಿದ್ದೆ. ಓದ್ತೇನೆ ಅಂದವರನ್ನು ಬೇಡ ಅನ್ನುವುದು ಹೇಗೆ? ಹಾಗೆ ಹೇಳಿ ಕಳಿಸಿದ ಒಬ್ಬ ಹುಡುಗ ದೂರಶಿಕ್ಷಣದ ಬಿ.ಕಾಂ.ನ ಎರಡನೇ ವರ್ಷದಲ್ಲಿ ಪುಸ್ತಕ ಕಟ್ಟಿಟ್ಟ. ಲೆಕ್ಕಪತ್ರದಲ್ಲಿ ಅವನಿಗೆ ಮನಸ್ಸೇ ಇರಲಿಲ್ಲ. ಅವನಿಗೆ ಏನು ಬೇಕು ಅಂತ ನಾನೂ ಕೇಳಿರಲಿಲ್ಲ. ಆ ತಪ್ಪು ನನ್ನದು. ಸುರೇಶ ಬಂದಾಗ ಅದು ನನ್ನ ಮನಸ್ಸಿನಲ್ಲಿತ್ತು.

ಸುರೇಶ ಅನ್ನುವುದು ಅವನ ನಿಜವಾದ ಹೆಸರಲ್ಲ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಾಯಿಸಿದ್ದೇನೆ. ಬರೆಯಲು ಅವನ ಒಪ್ಪಿಗೆ ಇದೆ. ಕುಂದಾಪುರದ ಕಡೆಯವನು, ವಯಸ್ಸು 27. ಹತ್ತನೇ ತರಗತಿ ಆದ ಮೇಲೆ ಎರಡು ವರ್ಷದ ಐಟಿಐ ಎಲೆಕ್ಟ್ರಿಶಿಯನ್. ಘೋಡ್‌ಬಂದರ್ ರಸ್ತೆಯ ಒಂದು ದೊಡ್ಡ ಹೌಸಿಂಗ್ ಸೊಸೈಟಿಯಲ್ಲಿ ಗುತ್ತಿಗೆದಾರನ ಕೈಕೆಳಗೆ ಐದು ವರ್ಷದಿಂದ ಕೆಲಸ. ಲಿಫ್ಟ್, ನೀರಿನ ಪಂಪು, ಜನರೇಟರ್ ಎಲ್ಲ ಅವನದೇ ಜವಾಬ್ದಾರಿ. ತಿಂಗಳಿಗೆ 22 ಸಾವಿರ, ಅದರಲ್ಲಿ 9 ಸಾವಿರ ಊರಿಗೆ.

ಅವನಿಗೆ ಮೇಷ್ಟ್ರಾಗಬೇಕಿತ್ತು. ಅದಕ್ಕೆ ಮೊದಲು ಡಿಗ್ರಿ, ಆಮೇಲೆ ಬಿ.ಎಡ್. ಅಂತ ಅವನ ಲೆಕ್ಕ. ಈ ಲೆಕ್ಕ ಹಾಕಿಕೊಟ್ಟವರು ಸೋದರಮಾವ. ಆ ಮಾವನ ಕಥೆ ಮುಂಬೈ ಕನ್ನಡಿಗರಿಗೆ ಹೊಸದಲ್ಲ. ಹದಿಮೂರನೇ ವಯಸ್ಸಿಗೆ ಬಂದವರು. ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸುವುದು, ಸಂಜೆ ಕೋಟೆ (ಫೋರ್ಟ್) ಭಾಗದ ಕನ್ನಡ ರಾತ್ರಿ ಶಾಲೆ. ಆಮೇಲೆ ಬಿ.ಕಾಂ. ಮಾಡಿ ಬ್ಯಾಂಕ್ ಸೇರಿದರು. 1969ರಲ್ಲಿ ಬ್ಯಾಂಕುಗಳು ರಾಷ್ಟ್ರೀಕರಣವಾದ ಮೇಲೆ ಶಾಖೆಗಳು ಒಂದೇ ಸಮನೆ ಹೆಚ್ಚಿದ ಕಾಲ ಅದು. ಅವರಿಗೆ ಡಿಗ್ರಿ ಅಂದರೆ ತಟ್ಟೆ ಎತ್ತುವ ಕೈಗೆ ಪೆನ್ನು ಬಂದದ್ದು. ಅವರ ನಂಬಿಕೆಯನ್ನು ನಾನು ಹಗುರವಾಗಿ ನೋಡಲಾರೆ. ಆ ರಾತ್ರಿ ಶಾಲೆಗಳು ಇಲ್ಲದಿದ್ದರೆ ಈ ಊರಿನಲ್ಲಿ ನಮ್ಮ ಅರ್ಧ ಜನ ಇನ್ನೂ ಹೋಟೆಲಿನ ಅಟ್ಟದ ಮೇಲೇ ಮಲಗುತ್ತಿದ್ದರು.

ಮೊದಲ ಎರಡು ಭೇಟಿಯಲ್ಲಿ ಹೇಳುವಂಥದ್ದು ಏನೂ ಆಗಲಿಲ್ಲ. ಮೂರನೆಯದರಲ್ಲಿ ಆಯಿತು.

ಅವತ್ತು ಅವನು ಬೇಗ ಬಂದು ಹೊರಗಿನ ಬೆಂಚಿನಲ್ಲಿ ಕೂತಿದ್ದ. ನಾನು ಇನ್ನೊಬ್ಬರ ಜೊತೆ ಮಾತು ಮುಗಿಸಿ ಬಾಗಿಲಿಗೆ ಬಂದೆ. ಸಂಘದಲ್ಲಿ ಚಹಾ ಮಾಡುವ ಅಕ್ಕನ ಮಗಳು, ಏಳು ವರ್ಷದವಳು, ಗೋಡೆಯ ಸಾಕೆಟ್ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು. ಒಂದು ಕೈಯಲ್ಲಿ ಮೊಬೈಲಿನ ಎರಡು ಕಡ್ಡಿಯ ಚಾರ್ಜರ್, ಇನ್ನೊಂದು ಕೈಯಲ್ಲಿ ಪೆನ್ನು. ಪೆನ್ನನ್ನು ಮೇಲಿನ ದೊಡ್ಡ ತೂತಿಗೆ ತುರುಕಿದರೆ ಕೆಳಗಿನ ಎರಡು ತೂತಿನ ಬಾಗಿಲು ತೆರೆಯುತ್ತದೆ. ನಮ್ಮ ಮನೆಗಳಲ್ಲಿ ದೊಡ್ಡವರು ಮಾಡುವುದನ್ನೇ ಅವಳೂ ನೋಡಿ ಕಲಿತಿದ್ದಳು.

ನಾನಾಗಿದ್ದರೆ ಕಿರುಚುತ್ತಿದ್ದೆ. ಸುರೇಶ ಎದ್ದು ಹೋಗಿ ಸ್ವಿಚ್ ಆರಿಸಿದ. ಪೆನ್ನು ಮೆಲ್ಲಗೆ ತೆಗೆದುಕೊಂಡು ಅವಳ ಪಕ್ಕ ನೆಲದಲ್ಲಿ ಕೂತ. ತನ್ನ ಚೀಲದಿಂದ ಮೂರು ಕಡ್ಡಿಯ ಒಂದು ಪ್ಲಗ್ ತೆಗೆದು ಅವಳ ಅಂಗೈಯಲ್ಲಿಟ್ಟ.

"ಇದರಲ್ಲಿ ಉದ್ದದ್ದು ಯಾವುದು?"

ಅವಳು ಉಗುರಿನಿಂದ ಅಳೆದು ಮೇಲಿನ ಕಡ್ಡಿ ತೋರಿಸಿದಳು.

"ದಪ್ಪದ್ದು?"

ಅದೂ ಅದೇ.

"ಎಂತಕ್ಕೆ ಅದು ಮಾತ್ರ ಉದ್ದ?"

ಅವಳಿಗೆ ಗೊತ್ತಿಲ್ಲ. ಅವನು ಉತ್ತರ ಹೇಳಲಿಲ್ಲ. ಸುಮ್ನೆ ಕಾದ. ಅವಳು ಪ್ಲಗ್ಗನ್ನು ಮೆಲ್ಲಗೆ ಸಾಕೆಟ್ಟಿಗೆ ತೂರಿಸಿದಳು, ಮತ್ತೆ ಎಳೆದಳು. ಎರಡು ಸಲ, ಮೂರು ಸಲ. ಆಮೇಲೆ ಮುಖ ಅರಳಿತು. "ಇದು ಫಸ್ಟ್ ಹೋಗುತ್ತೆ!"

"ಬರುವಾಗ?"

ಮತ್ತೆ ಎಳೆದು ನೋಡಿದಳು. "ಲಾಸ್ಟ್."

"ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುವುದು, ಕೊನೆಗೆ ಮಲಗುವುದು ಯಾರು?"

"ಅಮ್ಮ."

"ಹಾಂ. ಇದು ಅಮ್ಮ. ಇದರ ಹೆಸರು ಅರ್ತ್. ಒಳಗೆ ಎಲ್ಲಾದರೂ ಕರೆಂಟ್ ದಾರಿ ತಪ್ಪಿದರೆ ನಿನ್ನ ಮೈಗೆ ಬಾರದ ಹಾಗೆ ನೆಲಕ್ಕೆ ಕರೆದುಕೊಂಡು ಹೋಗ್ತದೆ. ಅದಕ್ಕೇ ಮೊದಲು ಬಂದು ಕೊನೆಗೆ ಹೋಗುವುದು. ಅದು ಒಳಗೆ ಹೋದ ಮೇಲೆಯೇ ಬಾಕಿ ಎರಡಕ್ಕೆ ಬಾಗಿಲು ತೆಗೆಯುವುದು. ನೀನು ಅಮ್ಮನ ಬದಲು ಪೆನ್ನು ಕಳಿಸಿ ಬಾಗಿಲು ತೆಗೆಸಿದೆ, ಅಲ್ವಾ?"

ಅವಳು ತಲೆಯಾಡಿಸಿದಳು. ಅವನು ಅಷ್ಟಕ್ಕೇ ಬಿಡಲಿಲ್ಲ. "ಈಗ ನೀನು ನನಗೆ ಪಾಠ ಮಾಡು" ಅಂದ. ಅವಳು ಮೊದಲಿಂದ ಕೊನೆಯವರೆಗೆ ಹೇಳಿದಳು. ನಡುವೆ ಒಂದು ಕಡೆ ತಪ್ಪಿದಾಗ ಅವನು ತಿದ್ದಲಿಲ್ಲ, ಪ್ಲಗ್ಗನ್ನು ಮತ್ತೆ ಅವಳ ಕೈಗೆ ಕೊಟ್ಟ.

ನಾನು ಬಾಗಿಲಲ್ಲೇ ನಿಂತಿದ್ದೆ. ಉತ್ತರ ಗೊತ್ತಿದ್ದೂ ಕಾಯುವುದು ಬಹಳ ಕಷ್ಟ. ಬಿ.ಎಡ್. ಆದ ಎಷ್ಟೋ ಜನರಿಗೆ ಅದು ಬರುವುದಿಲ್ಲ. ನನಗೇ ಈ ಕುರ್ಚಿಯಲ್ಲಿ ಕೂತು ಅದು ಬರಲು ಹತ್ತು ವರ್ಷ ಹಿಡಿಯಿತು.

ಒಳಗೆ ಬಂದು ಕೂತ ಮೇಲೆ ನೇರವಾಗಿ ಕೇಳಿದೆ. "ಸುರೇಶ, ನಿನಗೆ ಬೇಕಾದದ್ದು ಪಾಠ ಮಾಡುವುದಾ, ಡಿಗ್ರಿಯಾ?"

ತುಂಬಾ ಹೊತ್ತು ಅವನು ಮಾತಾಡಲಿಲ್ಲ. ಈ ಸಲ ನಾನೂ ಕಾದೆ. ಕೊನೆಗೆ ಹೇಳಿದ:

"ಮೇಡಂ, ಮದುವೆ ಕಾಗದದಲ್ಲಿ ಹೆಸರಿನ ಮುಂದೆ ಬಿ.ಕಾಂ. ಅಂತ ಹಾಕ್ತಾರೆ, ಬಿ.ಇ. ಅಂತ ಹಾಕ್ತಾರೆ. ಐಟಿಐ ಅಂತ ಯಾರೂ ಹಾಕುವುದಿಲ್ಲ. ಅಪ್ಪಯ್ಯ ನನ್ನ ತಂಗಿ ಮದುವೆ ಕಾಗದದಲ್ಲಿ ಎಲ್ಲರ ಓದು ಬರೆಸಿದ್ರು. ನನ್ನ ಹೆಸರು ಮಾತ್ರ ಬರೀ ಹೆಸರು."

ಆ ಮಾತು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಎರಡು ವರ್ಷ ಓದಿ ರಾಷ್ಟ್ರೀಯ ಮಟ್ಟದ ಸರ್ಟಿಫಿಕೇಟ್ ಪಡೆದವನನ್ನು ಅವನ ಮನೆಯವರೇ ಓದದವರ ಸಾಲಿಗೆ ಸೇರಿಸಿದ್ದರು. ಅವನು ಕೇಳುತ್ತಿದ್ದ ಡಿಗ್ರಿ ಪಾಠ ಮಾಡಲಿಕ್ಕಲ್ಲ, ಆ ಖಾಲಿ ಜಾಗ ತುಂಬಲಿಕ್ಕೆ. ಅದಕ್ಕೆ ಅವನು ಕೊಡಬೇಕಾಗಿದ್ದ ಬೆಲೆ ದೊಡ್ಡದು. ಮೂರು ವರ್ಷ ಡಿಗ್ರಿ. ಮೂರು ವರ್ಷದ ಡಿಗ್ರಿ ಆದವರಿಗೆ ಬಿ.ಎಡ್. 2015ರಿಂದ ಎರಡು ವರ್ಷ. ಅದಕ್ಕೂ ಡಿಗ್ರಿಯಲ್ಲಿ ಇಷ್ಟು ಅಂಕ ಅಂತ ಇದೆ. ಎಂಟನೇ ತರಗತಿಯವರೆಗೆ ಪಾಠ ಮಾಡಲು ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ, ಪಾಸಾಗಬೇಕು. ಡಿಗ್ರಿಗೆ ಮೊದಲು ಹನ್ನೆರಡನೆಯದಕ್ಕೆ ಸಮಾನವಾದದ್ದೂ ಬೇಕು. ಎಲ್ಲ ಸುಸೂತ್ರವಾದರೂ ವಯಸ್ಸು 33 ದಾಟುತ್ತದೆ. ಎಲ್ಲಕ್ಕಿಂತ ದೊಡ್ಡ ನಷ್ಟ ಬೇರೆ ಇದೆ. ಇಷ್ಟೂ ದಾರಿಯಲ್ಲಿ ಕರೆಂಟಿನ ಕೆಲಸ ಎಲ್ಲೂ ಲೆಕ್ಕಕ್ಕೆ ಬರುವುದಿಲ್ಲ. ಅವನ ಐದು ವರ್ಷ ಸೊನ್ನೆ.

ನಾನು ಹೇಳಿದ ದಾರಿ ಬೇರೆ. ಐಟಿಐಯಲ್ಲಿ ಪಾಠ ಮಾಡುವವರಿಗಾಗಿಯೇ ಕೇಂದ್ರ ಸರ್ಕಾರದ ಒಂದು ವರ್ಷದ ತರಬೇತಿ ಇದೆ. ಸಿಐಟಿಎಸ್ ಅನ್ನುತ್ತಾರೆ. ಐಟಿಐ ಸರ್ಟಿಫಿಕೇಟ್ ಇದ್ದವರೂ ಅರ್ಜಿ ಹಾಕಬಹುದು. ಇಡೀ ದೇಶಕ್ಕೆ ಒಂದೇ ಪ್ರವೇಶ ಪರೀಕ್ಷೆ. ಅಲ್ಲಿ ತಮ್ಮ ಕಸುಬಿನ ಜೊತೆ ಪಾಠ ಮಾಡುವ ವಿಧಾನವನ್ನೂ ಕಲಿಸುತ್ತಾರೆ. ಪಾಠದ ಯೋಜನೆ ಬರೆಯುವುದು, ಕೆಲಸ ಮಾಡಿ ತೋರಿಸುವುದು, ಕಲಿತದ್ದನ್ನು ಪರೀಕ್ಷಿಸುವುದು. ಮುಂಬೈಯಲ್ಲೇ ಸಾಯನ್–ಚುನಾಭಟ್ಟಿ ಕಡೆ ಇಂಥ ಒಂದು ಸಂಸ್ಥೆ ಇದೆ. ಎಷ್ಟೋ ಹುಡುಗರು ಅದರ ಮುಂದೆಯೇ ಬಸ್ಸಿನಲ್ಲಿ ಹೋಗುತ್ತಾರೆ, ಹೆಸರು ಕೇಳಿರುವುದಿಲ್ಲ. ಐಟಿಐ ಬೋಧಕರ ಅರ್ಹತೆಯಲ್ಲಿ ಆಯಾ ಕಸುಬಿನ ಡಿಗ್ರಿಯವರಿಗೆ ಒಂದು ವರ್ಷ, ಡಿಪ್ಲೊಮಾದವರಿಗೆ ಎರಡು ವರ್ಷ, ಐಟಿಐಯವರಿಗೆ ಮೂರು ವರ್ಷ ಕೆಲಸದ ಅನುಭವ ಕೇಳುತ್ತಾರೆ. ಅಂದರೆ ಸುರೇಶ ಪಂಪ್ ರೂಮಿನಲ್ಲಿ ಕಳೆದ ವರ್ಷಗಳಿಗೆ ಅಲ್ಲಿ ಬೆಲೆ ಇದೆ. ಇದನ್ನು ಹೇಳಿದಾಗ ಅವನು ಎರಡು ಸಲ ಕೇಳಿದ. "ಆ ಕೆಲಸವೇ ಲೆಕ್ಕಕ್ಕೆ ಬರ್ತದಾ ಮೇಡಂ?"

ಸಲಹೆ ಇಷ್ಟು. ಈಗಲೇ ಕೆಲಸ ಬಿಡಬೇಡ. ತರಬೇತಿಯ ವರ್ಷ ಸಂಬಳ ಇರುವುದಿಲ್ಲ, ಊರಿಗೆ ಕಳಿಸುವ ದುಡ್ಡನ್ನು ಈಗಿನಿಂದಲೇ ಬೇರೆ ತೆಗೆದಿಡು. ಐಟಿಐ ಆದವರಿಗೆ ಎನ್‌ಐಒಎಸ್ ಅನ್ನುವ ಕೇಂದ್ರದ ಮುಕ್ತ ಶಾಲೆಯಲ್ಲಿ ಕೆಲವು ವಿಷಯಗಳ ಅಂಕ ವರ್ಗಾವಣೆ ಸಿಗುತ್ತದೆ, ಬಾಕಿ ಬರೆದು ಹನ್ನೆರಡನೆಯದನ್ನು ಮುಗಿಸಿಕೋ. ಗುತ್ತಿಗೆದಾರನಿಂದ ಅನುಭವ ಪತ್ರ ಬರೆಸಿಕೋ, ಪಿಎಫ್ ಪಾಸ್‌ಬುಕ್ಕಿನ ಪ್ರತಿ ಇಟ್ಟುಕೋ. ಡಿಗ್ರಿ ಬೇಕೇ ಬೇಕು ಅನಿಸಿದರೆ ಮೇಷ್ಟ್ರಾದ ಮೇಲೆ ಮಾಡು. ಈಗ ಬಿ.ವೊಕ್. ಅಂತ ಕಸುಬಿನ ಡಿಗ್ರಿ ಇದೆ, ಒಂದು ಅಥವಾ ಎರಡು ವರ್ಷ ಓದಿ ನಿಲ್ಲಿಸಿದರೆ ಅಷ್ಟಕ್ಕೆ ತಕ್ಕ ಸರ್ಟಿಫಿಕೇಟ್ ಅಥವಾ ಡಿಪ್ಲೊಮಾ, ಮೂರಕ್ಕೆ ಡಿಗ್ರಿ. ನಡುವೆ ನಿಂತರೂ ಕೈ ಖಾಲಿ ಇರುವುದಿಲ್ಲ.

ವಾರದೊಳಗೆ ಮಾವನ ಫೋನ್ ಬಂತು. "ಮೇಲೆ ಹತ್ತುವ ಹುಡುಗನ ಏಣಿ ನೀವೇ ತೆಗೆದ್ರಲ್ಲ. ನಿಮ್ಮ ಮಕ್ಕಳನ್ನು ಐಟಿಐಗೆ ಕಳಿಸಿದ್ರಾ?"

ಕಳಿಸಿಲ್ಲ. ನನ್ನ ಮಗ ಡಿಗ್ರಿ ಓದಿದ. ಅದನ್ನೇ ಅವರಿಗೆ ಹೇಳಿದೆ. ಆ ಪ್ರಶ್ನೆಯಲ್ಲಿ ನ್ಯಾಯ ಇದೆ, ಅದನ್ನು ತಳ್ಳಿಹಾಕುವುದಿಲ್ಲ. ಕೆಳಗಿನವರ ಮಕ್ಕಳಿಗೆ ಕೈಕೆಲಸ, ನಮ್ಮ ಮಕ್ಕಳಿಗೆ ಕಾಲೇಜು ಅಂತ ಉಪದೇಶ ಮಾಡುವವರನ್ನು ನಾನೂ ಕಂಡಿದ್ದೇನೆ. ಹದಿನೈದು ವರ್ಷದ ಹುಡುಗ ಬಂದು ಕೇಳಿದ್ದರೆ ನನ್ನ ಸಲಹೆ ಬೇರೆಯೇ ಇರುತ್ತಿತ್ತು. ಆದರೆ ಎದುರಿಗೆ ಕೂತವನಿಗೆ 27 ವರ್ಷ, ಕೈಯಲ್ಲಿ ಒಂದು ಕಸುಬಿದೆ, ಆ ಕಸುಬನ್ನು ಕಲಿಸುವ ಶಕ್ತಿ ಇದೆ. ಮಾವ ಹತ್ತಿದ ಏಣಿ ಅವರ ಕಾಲದಲ್ಲಿ ಗಟ್ಟಿ ಇತ್ತು. ಇವನು ನಿಂತಿರುವ ಜಾಗದಿಂದ ಅದು ಬಹಳ ದೂರ. ನನ್ನ ಸಲಹೆ ಸರಿ ಅಂತಲೇ ಈಗಲೂ ಅಂದುಕೊಂಡಿದ್ದೇನೆ.

ಒಂದು ವಿಷಯದಲ್ಲಿ ಮಾತ್ರ ನಾನು ಎಡವಿದೆ. ಅನುಭವ ಪತ್ರ ಹತ್ತು ದಿನದಲ್ಲಿ ಸಿಗುತ್ತದೆ ಅಂದಿದ್ದೆ. ಗುತ್ತಿಗೆದಾರ ಐದು ತಿಂಗಳು ಸತಾಯಿಸಿದ. ಪತ್ರ ಕೊಟ್ಟರೆ ಹುಡುಗ ಬಿಟ್ಟು ಹೋಗುತ್ತಾನೆ ಅಂತ ಅವನ ಭಯ. ಆ ವರ್ಷ ಅರ್ಜಿಯ ಗಡುವು ದಾಟಿತು. ಸೊಸೈಟಿಯ ಕಾರ್ಯದರ್ಶಿ ನಡುವೆ ಬಂದು ಮಾತಾಡಿದ ಮೇಲೆ, ಲೆಟರ್‌ಹೆಡ್ಡಿನಲ್ಲಿ, ಸೇರಿದ ತಾರೀಖು ಮತ್ತು ಮಾಡಿದ ಕೆಲಸದ ವಿವರ ಹಾಕಿ ಕೊಟ್ಟ. ಮುಂದಿನ ವರ್ಷ ಸುರೇಶ ಪರೀಕ್ಷೆ ಬರೆದ. ಬೇರೆ ಊರಿನಲ್ಲಿ ಸೀಟು ಸಿಕ್ಕಿತು. ಈಗ ತರಬೇತಿಯಲ್ಲಿದ್ದಾನೆ. ಇಂಗ್ಲಿಷಿನಲ್ಲಿ ಬರೆಯುವುದು ಕಷ್ಟವಾಗುತ್ತಿದೆ ಅಂತ ಫೋನ್ ಮಾಡುತ್ತಾನೆ. ಹೋದ ತಿಂಗಳು ತಾನು ಬರೆದ ಪಾಠದ ಯೋಜನೆಯ ಫೋಟೊ ಕಳಿಸಿದ್ದ. ಅದರ ಅಂಚಿನಲ್ಲಿ ಪೆನ್ಸಿಲಿನಿಂದ ಕನ್ನಡದಲ್ಲಿ ಒಂದು ಸಾಲು: "ಇಲ್ಲಿ ಕಾಯಬೇಕು."

ಮಾವ ಇನ್ನೂ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಸಂಘದ ಯಕ್ಷಗಾನಕ್ಕೆ ಬಂದರೂ ಬೇರೆ ಸಾಲಿನಲ್ಲಿ ಕೂರುತ್ತಾರೆ. ಬರುವ ಭಾನುವಾರ ಇನ್ನಿಬ್ಬರು ಐಟಿಐ ಹುಡುಗರು ಬರುವವರಿದ್ದಾರೆ. ಇಬ್ಬರಿಗೂ ಡಿಗ್ರಿ ಬೇಕಂತೆ. ಬರುವ ಮೊದಲು ಗುತ್ತಿಗೆದಾರನ ಬಳಿ ಅನುಭವ ಪತ್ರ ಕೇಳಿ ಬನ್ನಿ ಅಂತ ಹೇಳಿ ಕಳಿಸಿದ್ದೇನೆ.