"ನೋಡೋಣ ತಗೋ" ಅಂದವರು ಬರಲಿಲ್ಲ: ಒಂದು ಕಾಲೇಜು ಬ್ಯಾಂಡಿನ ಪ್ರಕರಣ

ಗುರುತು ಸಿಗಬಾರದು ಅಂತ ಹೆಸರು, ಊರು ಮತ್ತು ಕೆಲವು ವಿವರ ಬದಲಿಸಿದ್ದೇನೆ. ಆಪ್ತಸಮಾಲೋಚನೆಗೆ ನನ್ನ ಹತ್ತಿರ ಬಂದಿದ್ದ ಹುಡುಗನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಅವನನ್ನು ಇಲ್ಲಿ ಅಮರೇಶ ಅಂತ ಕರೆಯೋಣ.

ಮೊದಲು ಫೋನ್ ಮಾಡಿದ್ದು ಅವನ ಅಪ್ಪ. "ಮೇಡಂ, ಮಗ ಇಂಜಿನಿಯರಿಂಗ್ ಆರನೇ ಸೆಮಿಸ್ಟರ್ ಇದ್ದಾನ್ರಿ. ಹಾಜರಿ ಕಮ್ಮಿ ಆಗ್ಯಾದಂತ ಮೆಸೇಜ್ ಬಂದದ. ಮನ್ಯಾಗ ಯಾರ ಜೊತಿನೂ ಮಾತಿಲ್ಲ. ಆ ಗಿಟಾರ್ ಒಂದು ಕಸಗೊಂಡ್ರ ಸರಿ ಹೋಗ್ತಾನೇನ್ರಿ?" ಈಗಲೇ ಏನನ್ನೂ ಕಸಿದುಕೊಳ್ಳಬೇಡಿ, ಒಂದು ಸಲ ಕಳಿಸಿಕೊಡಿ ಅಂದೆ.

ಮೊದಲ ಭೇಟಿಯಲ್ಲಿ ನಾನೊಂದು ತಪ್ಪು ಮಾಡಿದೆ. ಅಪ್ಪನ ಮಾತು ತಲೆಯಲ್ಲಿ ಕೂತಿತ್ತು. ಹಾಗಾಗಿ ಹಾಜರಿಯಿಂದಲೇ ಶುರು ಮಾಡಿದೆ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕಾಲೇಜುಗಳಲ್ಲಿ ಪ್ರತಿ ವಿಷಯಕ್ಕೂ ಶೇಕಡಾ 85 ಹಾಜರಿ ಬೇಕು, ಇವನದು ಎರಡು ವಿಷಯದಲ್ಲಿ 70ರ ಆಸುಪಾಸು. ಯಾಕೆ, ಏನು, ಮುಂದೇನು ಅಂತ ಕೇಳುತ್ತಾ ಹೋದೆ. ಅವನು ನಲವತ್ತು ನಿಮಿಷ "ಹ್ಞೂಂ ರೀ" ಅಂತಲೇ ಕೂತ. ಎದ್ದು ಚಪ್ಪಲಿ ಹಾಕಿಕೊಳ್ಳುವಾಗ ಮೆಲ್ಲಗೆ ಹೇಳಿದ, "ನೀವು ಬ್ಯಾಂಡ್ ಬಗ್ಗೆ ಕೇಳ್ತೀರಿ ಅನ್ಕೊಂಡಿದ್ನಿರಿ."

ಮುಂದಿನ ವಾರ ಕೇಳಿದೆ. ಒಂದೂವರೆ ಗಂಟೆ ಮಾತಾಡಿದ.

ಐದು ಜನರ ಬ್ಯಾಂಡ್. ಮೊದಲ ವರ್ಷದಲ್ಲೇ ಹುಟ್ಟಿದ್ದು. ಇವನು ಗಿಟಾರ್. ಇನ್ನೊಬ್ಬ ಗಿಟಾರ್ ಹುಡುಗ ಇದ್ದ, ಬೇಸ್, ಅಂದರೆ ತಗ್ಗು ಸ್ವರದ ಗಿಟಾರ್, ನುಡಿಸುವವರು ಯಾರೂ ಸಿಗಲಿಲ್ಲ ಅಂತ ಅವನ ಕೈಗೆ ಬೇಸ್ ಕೊಟ್ಟರು. ಅವನು ಒಲ್ಲದ ಮನಸ್ಸಿಂದ ಒಪ್ಪಿಕೊಂಡಿದ್ದ. ಕೀಬೋರ್ಡ್‌ಗೆ ಒಬ್ಬ, ಡ್ರಮ್ಸ್‌ಗೆ ಒಬ್ಬ, ಹಾಡಲು ಒಬ್ಬ ಹುಡುಗಿ. ಪ್ರಾಕ್ಟೀಸ್ ಜಾಗ ಗಂಜ್ ಹತ್ತಿರ ಒಂದು ಮಾಳಿಗೆ ಮೇಲಿನ ತಗಡಿನ ಕೋಣೆ. ರಾಯಚೂರಿನ ಬಿಸಿಲು ಗೊತ್ತಲ್ಲ, ಏಪ್ರಿಲ್ ಬಂದರೆ 40 ಡಿಗ್ರಿ ದಾಟುತ್ತದೆ. ತಗಡಿನ ಕೆಳಗೆ ಫ್ಯಾನ್ ಹಾಕಿದರೆ ಬಿಸಿಗಾಳಿಯೇ ಸುತ್ತುತ್ತದೆ. ಗಿಟಾರ್ ಶ್ರುತಿ ಮಾಡಿ ಇಟ್ಟರೆ ಎರಡು ಹಾಡಿಗೆ ಇಳಿದುಬಿಡುತ್ತದೆ. ಸಂಜೆ ಮಾಡೋಣ ಅಂದರೆ ಹುಡುಗಿ ಆರೂವರೆಗೆ ಹಾಸ್ಟೆಲ್ ಒಳಗಿರಬೇಕು. ರಾತ್ರಿ ಡ್ರಮ್ಸ್ ಬಾರಿಸಿದರೆ ಪಕ್ಕದ ಮನೆಯವರು ಬೈಯುತ್ತಾರೆ. ಮಧ್ಯಾಹ್ನ ಒಂದೊಂದು ದಿನ ಕರೆಂಟೇ ಇರುವುದಿಲ್ಲ.

ಇಷ್ಟರಲ್ಲೂ ಹಾಡು ಯಾವುದು ಅನ್ನೋ ಜಗಳ ಬೇರೆ. ಕೀಬೋರ್ಡ್ ಹುಡುಗ ತೆಲುಗು ಸಿನಿಮಾ ಹಾಡು ಬೇಕು, ಜನ ಕುಣಿಯೋದು ಅದಕ್ಕೇ ಅನ್ನುತ್ತಿದ್ದ. ನಮ್ಮೂರಲ್ಲಿ ಆ ಮಾತು ಸುಳ್ಳಲ್ಲ. ಅಮರೇಶನಿಗೆ ಸ್ವಂತ ಕನ್ನಡ ಹಾಡು ಮಾಡಬೇಕು. ಒಂದಲ್ಲ ಒಂದು ದಿನ ಜಂಬಲದಿನ್ನಿ ರಂಗಮಂದಿರದಲ್ಲಿ ಒಂದು ಇಡೀ ಸಂಜೆ ತಮ್ಮದೇ ಹಾಡು ಹಾಡಬೇಕು ಅನ್ನೋದು ಅವನ ಆಸೆ. ಅದನ್ನು ಹೇಳುವಾಗ ಮಾತ್ರ ಅವನು ನನ್ನ ಮುಖ ನೋಡಿ ಮಾತಾಡಿದ.

ಆಮೇಲೆ ಕಾಲೇಜಿನ ವಾರ್ಷಿಕೋತ್ಸವ. 15 ನಿಮಿಷ ಕೊಡುತ್ತೇವೆ ಅಂದಿದ್ದರು, ಆ ದಿನ ಒಂದೇ ಹಾಡಿಗೆ ಇಳಿಸಿದರು. ಡ್ರಮ್ಸ್ ಹುಡುಗ ಅರ್ಧ ಗಂಟೆ ತಡ ಬಂದ. ವೇದಿಕೆ ಮೇಲೆ ಒಬ್ಬರದು ಒಬ್ಬರಿಗೆ ಕೇಳಲಿಲ್ಲ, ಹಾಡು ಮಧ್ಯದಲ್ಲೇ ಹಳಿ ತಪ್ಪಿತು. ಅವತ್ತಿಂದ ಇವನಿಗೆ ನಿದ್ದೆ ಸರಿಯಿಲ್ಲ. ನೆಲಕ್ಕೆ ಬಿದ್ದದ್ದು ಹಾಡು, ಆದರೆ ಇವನು ತಾನೇ ಬಿದ್ದ ಹಾಗೆ ಹೇಳುತ್ತಿದ್ದ.

ಊಟ, ನಿದ್ದೆ ಬಗ್ಗೆ ವಿವರವಾಗಿ ಕೇಳಿದೆ. ಬದುಕೋದೇ ಬೇಡ ಅನಿಸಿದೆಯಾ ಅಂತಲೂ ನೇರವಾಗಿ ಕೇಳಿದೆ. ಇದನ್ನು ಸುತ್ತಿ ಬಳಸಿ ಕೇಳಬಾರದು. "ಅಷ್ಟಿಲ್ಲರಿ, ಆದ್ರ ಏನೂ ಬ್ಯಾಡ ಅನಸ್ತದ" ಅಂದ. ನಾನು ಸಿಗದ ಹೊತ್ತಲ್ಲಿ ತೀರಾ ಕಷ್ಟ ಅನಿಸಿದರೆ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ ನಂಬರ್ 14416 ಬರೆದುಕೊಟ್ಟೆ. ಯಾವ ಹೊತ್ತಲ್ಲಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಮೂರನೇ ಭೇಟಿಗೆ ಬರುವಾಗ ಒಂದು ಉದ್ದನೆಯ ನೋಟ್‌ಬುಕ್ ತಂದ. ಅಂಚು ಬೆವರಿಗೆ ಮೆತ್ತಗಾಗಿತ್ತು. ತೆರೆದರೆ ಒಳಗೆ ಹಾಜರಿ ಪುಸ್ತಕ! ಮೇಷ್ಟ್ರು ಹಾಕುವ ಹಾಗೆ ಸ್ಕೇಲಿನಿಂದ ಗೆರೆ ಎಳೆದು ಐದು ಹೆಸರು, ಎದುರಿಗೆ ತಾರೀಖು, ಬಂದವರಿಗೆ ಟಿಕ್, ಬಾರದವರಿಗೆ ಸೊನ್ನೆ. ಸೊನ್ನೆಯ ಪಕ್ಕ ಸಣ್ಣ ಅಕ್ಷರದಲ್ಲಿ ಕಾರಣ. "ಇಂಟರ್ನಲ್ಸ್." "ಅಕ್ಕನ ಕುಬುಸ." "ಫೋನ್ ಎತ್ತಲಿಲ್ಲ." "ನೋಡೋಣ ತಗೋ ಅಂದ." ಮೂರು ತಿಂಗಳಲ್ಲಿ 31 ಪ್ರಾಕ್ಟೀಸ್. ಐದೂ ಟಿಕ್ ಬಿದ್ದದ್ದು ನಾಲ್ಕು ದಿನ. ಅವನ ಸಾಲಿನಲ್ಲಿ ಮಾತ್ರ ಮೇಲಿಂದ ಕೆಳಗಿನವರೆಗೆ ಟಿಕ್ಕೇ.

"ಇದು ಅವರಿಗೆ ಗೊತ್ತಾ?"

"ಇಲ್ರಿ. ನಾನೊಬ್ನೇ ನೋಡ್ತೀನಿ."

"ಯಾವಾಗ?"

"ರಾತ್ರಿ."

ಆ ಪುಸ್ತಕದ ಮೇಲೆ ಸುಮಾರು ಹೊತ್ತು ಕೈ ಇಟ್ಟುಕೊಂಡು ಕೂತಿದ್ದೆ. ಎಷ್ಟು ಪ್ರೀತಿ ಇದ್ದರೆ ಒಬ್ಬ ಹುಡುಗ ಇಷ್ಟು ನೀಟಾಗಿ ಗೆರೆ ಎಳೀತಾನೆ, ಎಷ್ಟು ನೋವಿದ್ದರೆ ರಾತ್ರಿ ಅದನ್ನೇ ತೆರೆದು ಓದ್ತಾನೆ. ತಂದು ತೋರಿಸಿದ್ದಕ್ಕೆ ಥ್ಯಾಂಕ್ಸ್ ಅಂತ ಮೊದಲು ಹೇಳಿದೆ. ಆಮೇಲೆ ಇಬ್ಬರೂ ಸೇರಿ ಒಂದು ಲೆಕ್ಕ ಹಾಕಿದೆವು. "ನೋಡೋಣ ತಗೋ" ಅಂತ ಬರೆದ ಜಾಗಗಳಿಗೆಲ್ಲ ಅವನ ಕೈಯಿಂದಲೇ ಗೋಲ ಹಾಕಿಸಿದೆ. ಬೇರೆ ಬೇರೆ ಜನ ಹಾಗೆ ಹೇಳಿಯೂ ಪ್ರಾಕ್ಟೀಸ್‌ಗೆ ಬಂದದ್ದಿದೆ, ಅವೂ ಅವನಿಗೆ ನೆನಪಿದ್ದವು. ಎಲ್ಲ ಸೇರಿ 13 ಸಲ. ಬಂದದ್ದು ಎರಡು ಸಲ.

"ಹಂಗಾದ್ರ ನೋಡೋಣ ಅಂದ್ರ ಬರಲ್ಲ ಅಂತರಿ" ಅಂದ. ಅವತ್ತೇ ಮೊದಲ ಸಲ ನಕ್ಕಿದ್ದು.

ಹೌದು. ನಮ್ಮ ಕಡೆ ಗೆಳೆಯನ ಮುಖಕ್ಕೆ "ಆಗಲ್ಲ" ಅನ್ನೋದು ಬಹಳ ಕಷ್ಟ. ದಾಕ್ಷಿಣ್ಯ ಅಡ್ಡ ಬರುತ್ತದೆ. ಮದುವೆಗೆ ಕರೆದರೂ ಅಷ್ಟೇ, ಸಾಲ ಕೇಳಿದರೂ ಅಷ್ಟೇ. "ನೋಡೋಣ" ಅಂದು ಜಾರಿಕೊಳ್ಳುತ್ತೇವೆ. ಹೇಳಿದವನು ಇಲ್ಲ ಅಂದೆ ಅಂದುಕೊಂಡಿರುತ್ತಾನೆ, ಕೇಳಿದವನು ಬರ್ತಾನೆ ಅಂತ ಆಂಪ್ಲಿಫೈಯರ್ ಹೊತ್ತುಕೊಂಡು ಮಾಳಿಗೆ ಹತ್ತಿರುತ್ತಾನೆ.

ಅವರಿಗೆ ನಿನ್ನ ಹತ್ತಿರ ನೇರವಾಗಿ ಇಲ್ಲ ಅನ್ನೋಕೆ ಯಾಕೆ ಆಗಲ್ಲ ಅಂತ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದ. ಕೊನೆಗೆ, "ನಾ ಮಾರಿ ಸಣ್ಣದು ಮಾಡ್ತೀನ್ರಿ. ಎರಡು ದಿನ ಮಾತೂ ಬಿಡ್ತೀನಿ" ಅಂದ. ಇದನ್ನು ನಾನು ಹೇಳಿದ್ದರೆ ಅವನಿಗೆ ಬೈಗುಳದ ಹಾಗೆ ಕೇಳುತ್ತಿತ್ತು. ಅವನ ಬಾಯಿಂದಲೇ ಬಂತು.

ಎಲ್ಲರನ್ನೂ ಕರೆದು ನೀವೇ ಬುದ್ಧಿ ಹೇಳಿ ಮೇಡಂ ಅಂತ ಅವನು ಒಮ್ಮೆ ಕೇಳಿದ. ನಾನು ಒಪ್ಪಲಿಲ್ಲ. ನನ್ನ ಹತ್ತಿರ ಬಂದವನು ಅವನು. ಉಳಿದ ನಾಲ್ವರನ್ನು ನನ್ನ ಮುಂದೆ ಸಾಲಾಗಿ ಕೂರಿಸಿದರೆ ಅದು ಇನ್ನೊಂದು ಹಾಜರಿಯೇ ಆಗುತ್ತಿತ್ತು.

ನಾನು ಕೊಟ್ಟ ಸಲಹೆ ಹೀಗಿತ್ತು. ವಾಟ್ಸಾಪ್ ಗುಂಪಿನಲ್ಲಿ "ಇವತ್ತು ಯಾರ್ಯಾರು ಬರ್ತೀರಿ" ಅಂತ ಕೇಳುವುದನ್ನು ಬಿಡು. ನಾಲ್ಕು ಜನ ನೋಡಿ ಸುಮ್ಮನಿದ್ದರೆ ಆ ನೀಲಿ ಗೆರೆ ನಿನ್ನನ್ನೇ ಚುಚ್ಚುತ್ತದೆ. ಒಬ್ಬೊಬ್ಬರನ್ನೇ ಬೇರೆ ಬೇರೆ ಭೇಟಿ ಮಾಡು, ಚಹಾ ಕುಡಿಯುತ್ತಾ, ಮಿರ್ಚಿ ಒಗ್ಗರಣೆ ತಿನ್ನುತ್ತಾ. ಒಂದೇ ಪ್ರಶ್ನೆ ಕೇಳು: "ಪರೀಕ್ಷೆ ಮುಗಿಯೋವರೆಗೆ ತಿಂಗಳಿಗೆ ಎಷ್ಟು ದಿನ ನಿನ್ನ ಕೈಲಿ ಆಗ್ತದ? ಸೊನ್ನೆ ಅಂದ್ರೂ ನಡೀತದ." ಅವರು ಹೇಳಿದ್ದಕ್ಕೆ "ಸರಿ" ಅನ್ನು. ಯಾಕೆ ಅಂತ ಕೇಳಬೇಡ. ಮುಖವೂ ಸರಿ ಅನ್ನಬೇಕು.

ಹೇಳೋದು ಸುಲಭ. ಕೋಣೆಯಲ್ಲೇ ಅಭ್ಯಾಸ ಮಾಡಿಸಿದೆ. ನಾನು ಡ್ರಮ್ಸ್ ಹುಡುಗ ಆದೆ. "ದೋಸ್ತ, ನನಗಾಗಲ್ಲಲೇ" ಅಂದೆ. ತಕ್ಷಣ ಅವನ ದವಡೆ ಬಿಗಿಯಿತು, "ಮೊದ್ಲೇ ಹೇಳ್ಬೇಕಿತ್ತಲ್ಲ" ಅಂತ ಬಾಯಿಗೆ ಬಂತು. ಮತ್ತೆ ಮಾಡಿದೆವು. ಎರಡನೇ ಸಲವೂ ಅದೇ. ಮೂರನೇ ಸಲ "ಸರಿ" ಅಂದ, ಕಣ್ಣಲ್ಲಿ ನೀರು ಬಂತು. ಅಲ್ಲಿಯವರೆಗೆ ಅದು ಸಿಟ್ಟು ಅಂದುಕೊಂಡಿದ್ದ. ಗೆಳೆಯ ಕೈಬಿಟ್ಟು ಹೋಗುತ್ತಿದ್ದಾನೆ ಅನ್ನೋ ದುಃಖ ಅದು. ಸಿಟ್ಟಾದರೆ ಜಗಳ ಆಡಿ ತೀರಿಸಿಕೊಳ್ಳಬಹುದು, ದುಃಖಕ್ಕೆ ಅಳಬೇಕಾಗುತ್ತದೆ. ಅವತ್ತು ಬೇರೆ ಏನೂ ಮಾಡಲಿಲ್ಲ. ಅತ್ತ, ನೀರು ಕುಡಿದ, ಹೋದ.

ಹತ್ತು ದಿನ ಬಿಟ್ಟು ಉತ್ತರಗಳನ್ನು ತಂದ. ಡ್ರಮ್ಸ್ ಹುಡುಗ ಸೊನ್ನೆ ಅಂದಿದ್ದ. ಮನೆಯಲ್ಲಿ ಹತ್ತಿ ಬೆಳೆಗೆ ಮಾಡಿದ ಸಾಲ ಇದೆ, ಕ್ಯಾಂಪಸ್‌ನಲ್ಲಿ ಕೆಲಸ ಸಿಗಲೇಬೇಕು, ಐದನೇ ಸೆಮಿಸ್ಟರ್‌ನಿಂದಲೇ ಬಿಡಬೇಕು ಅಂತಿದ್ದೆ, ನಿನ್ನ ಮುಖ ನೋಡಿ ಹೇಳೋಕೆ ಆಗಲಿಲ್ಲ ಅಂದನಂತೆ. ಹುಡುಗಿ ತಿಂಗಳಿಗೆ ಎರಡು ಭಾನುವಾರ, ಬೆಳಿಗ್ಗೆ ಮಾತ್ರ. ಕೀಬೋರ್ಡ್ ಹುಡುಗ ಕಾರ್ಯಕ್ರಮ ಇದ್ದರೆ ಕರಿ ಅಂದ. ಬೇಸ್ ಹುಡುಗ ಎಷ್ಟು ದಿನ ಬೇಕಾದರೂ ಬರ್ತೀನಿ, ಆದರೆ ನನಗೆ ನನ್ನ ಗಿಟಾರ್ ವಾಪಸ್ ಕೊಡು ಅಂದ. ಎರಡು ವರ್ಷ ಒಳಗೇ ಇಟ್ಟುಕೊಂಡಿದ್ದ ಮಾತು.

ದುಡ್ಡಿನ ವಿಷಯವೂ ಬಂತು. ಆಂಪ್ಲಿಫೈಯರ್, ಸಣ್ಣ ಸೌಂಡ್ ಮಿಕ್ಸರ್‌ಗೆ ಐವರೂ ತಲಾ 3,500 ರೂಪಾಯಿ ಹಾಕಿದ್ದರು, ಒಟ್ಟು 17,500. ಬಿಟ್ಟು ಹೋಗುವವನಿಗೆ ಎಷ್ಟು ಕೊಡಬೇಕು? ಇಂಥ ಗುಂಪುಗಳಲ್ಲಿ ಗೆಳೆತನ ಕೆಡೋದು ಹೆಚ್ಚಾಗಿ ಇಲ್ಲಿಯೇ, ಹಾಗಾಗಿ ತಡ ಮಾಡಬೇಡ ಅಂದೆ. ಕೊಂಡಾಗಿನ ಬೆಲೆ ಹಿಡಿಯಬೇಡಿ. ಇವತ್ತು ಮಾರಿದರೆ ಎಷ್ಟು ಬರುತ್ತದೆ ಅಂತ ಅಂಗಡಿಯಲ್ಲಿ ಕೇಳಿ, ಐದು ಭಾಗ ಮಾಡಿ, ಬರೆದಿಟ್ಟು ಸಹಿ ಹಾಕಿ. ಅಂಗಡಿಯವರು 10,000 ಅಂದರು. ತಲಾ 2,000. ಎರಡು ಕಂತಲ್ಲಿ ಕೊಟ್ಟು ಮುಗಿಸಿದರು.

ಹಾಗಾದರೆ ಬ್ಯಾಂಡ್ ಉಳಿಯಿತಾ? ಅಮರೇಶನ ಪ್ರಶ್ನೆಯೂ ಅದೇ. "ಮೂರು ಮಂದಿ ಅಂದ್ರ ಬ್ಯಾಂಡ್ ಏನ್ರಿ ಅದು?" ಅಂದ. ಆಗ ಅವನ ಅಜ್ಜನ ವಿಷಯ ಬಂತು. ಮಾನವಿ ಕಡೆಯ ಹಳ್ಳಿ. ಅಜ್ಜ ಭಜನಾ ಮಂಡಳಿಯವರು. ಪ್ರತಿ ಅಮವಾಸ್ಯೆ ರಾತ್ರಿ ಗುಡಿಯಲ್ಲಿ ತತ್ವಪದ, ದಾಸರ ಪದ. ಎಷ್ಟು ಜನ ಬರುತ್ತಿದ್ದರು ಅಂತ ಕೇಳಿದೆ. ಎಣಿಸಲು ಶುರು ಮಾಡಿ ನಿಲ್ಲಿಸಿದ. ಒಮ್ಮೊಮ್ಮೆ ಹದಿನೈದು. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟು ಭತ್ತದ ನಾಟಿ ಶುರುವಾದರೆ ಎಲ್ಲರಿಗೂ ನಡು ನೋವು, ಅವಾಗ ಇಬ್ಬರೇ. ಹಾರ್ಮೋನಿಯಂನವರು ಬರದಿದ್ದರೆ ಏಕತಾರಿ, ತಾಳ ಅಷ್ಟರಲ್ಲೇ ಹಾಡುತ್ತಿದ್ದರಂತೆ. ಮುಂದಿನ ಅಮವಾಸ್ಯೆಗೆ ಬಂದವನನ್ನು ಹೋದ ಸಲ ಎಲ್ಲಿದ್ದೆ ಅಂತ ಯಾರೂ ಕೇಳುತ್ತಿರಲಿಲ್ಲ. "ದಿನ ಮಾತ್ರ ತಪ್ತಿರ್ಲಿಲ್ರಿ" ಅಂದ.

ಅಲ್ಲಿಂದ ಅವನೇ ದಾರಿ ಮಾಡಿಕೊಂಡ. ತಿಂಗಳ ಎರಡನೇ ಮತ್ತು ನಾಲ್ಕನೇ ಭಾನುವಾರ, ಬೆಳಿಗ್ಗೆ ಏಳರಿಂದ ಒಂಬತ್ತು. ತಗಡು ಕಾಯೋದಕ್ಕೆ ಮೊದಲು. ಎರಡು ಗಿಟಾರ್, ಒಂದು ಧ್ವನಿ. ತಾಳಕ್ಕೆ ಕಹೋನ್, ಅಂದರೆ ಮೇಲೆ ಕೂತು ಕೈಯಲ್ಲಿ ಬಡಿಯುವ ಮರದ ಪೆಟ್ಟಿಗೆ. ಪಕ್ಕದ ಮನೆಗೂ ತೊಂದರೆ ಇಲ್ಲ, ಆಟೊದಲ್ಲೂ ಒಯ್ಯಬಹುದು. ಎಷ್ಟು ಜನ ಇದ್ದಾರೋ ಅಷ್ಟಕ್ಕೆ ಹೊಂದುವ ಹಾಡು. ಬೇರೆ ಊರಲ್ಲಿರುವ ದೊಡ್ಡ ಬ್ಯಾಂಡ್‌ಗಳ ಹಾಡನ್ನು ಹಾಗೇ ಇಳಿಸಬೇಕು ಅನ್ನೋ ಹಟ ಬಿಟ್ಟ.

ಹಾಜರಿ ವಿಷಯ ನಾನು ಮರೆತಿರಲಿಲ್ಲ. ಅದು ಮಾತ್ರ ಪೂರ್ತಿ ಅವನದೇ ಜವಾಬ್ದಾರಿ ಅಂತ ಸ್ಪಷ್ಟವಾಗಿ ಹೇಳಿದೆ. ವಾರದ ದಿನಗಳಲ್ಲಿ ಪ್ರಾಕ್ಟೀಸ್ ಹೆಸರಲ್ಲಿ ಕ್ಲಾಸ್ ಬಿಡುವಂತಿಲ್ಲ. ಉಳಿದ ತರಗತಿಗಳನ್ನು ಎಣಿಸಿದೆವು, ಒಂದು ವಿಷಯದಲ್ಲಿ ಲೆಕ್ಕ ಮುಟ್ಟಿತು, ಇನ್ನೊಂದರಲ್ಲಿ ಸ್ವಲ್ಪ ಕಮ್ಮಿ ಬಿತ್ತು. ಅವನೇ ವಿಭಾಗದ ಮುಖ್ಯಸ್ಥರ ಹತ್ತಿರ ಹೋಗಿ ಮಾತಾಡಿದ.

ಅಪ್ಪ ಒಮ್ಮೆ ಬಂದು ಕೂತರು. ಮಗ ಹೇಳಿದ್ದನ್ನು ನಾನು ಅವರಿಗೆ ಹೇಳಲಿಲ್ಲ, ಹೇಳುವುದಿಲ್ಲ ಅಂತಲೂ ತಿಳಿಸಿದೆ. "ಇದರಿಂದ ಹೊಟ್ಟಿ ತುಂಬ್ತದೇನ್ರಿ?" ಅಂದರು. ನ್ಯಾಯವಾದ ಪ್ರಶ್ನೆ. ತುಂಬದೇ ಇರಬಹುದು ಅಂತಲೇ ಹೇಳಿದೆ. ಆಮೇಲೆ, ನಿಮ್ಮ ತಂದೆಯವರು ಭಜನೆಗೆ ಹೋಗುತ್ತಿದ್ದರಲ್ಲ, ಮನೆಯಲ್ಲಿ ಯಾರಾದರೂ ತಡೆದಿದ್ದರಾ ಅಂತ ಕೇಳಿದೆ. ಅವರು ಉತ್ತರ ಕೊಡಲಿಲ್ಲ. ಟವೆಲ್ ಹೆಗಲಿಗೆ ಹಾಕಿಕೊಂಡು ಎದ್ದರು. ಮುಂದಿನ ವಾರ ಅಮರೇಶ ಹೇಳಿದ, ಅಪ್ಪ ಅಟ್ಟದ ಮೇಲಿದ್ದ ಅಜ್ಜನ ತಾಳ ಇಳಿಸಿ ಒರೆಸಿ ಇಟ್ಟಿದ್ದಾರಂತೆ. ಯಾಕೆ ಅಂತ ಇವನೂ ಕೇಳಿಲ್ಲ, ಅವರೂ ಹೇಳಿಲ್ಲ.

ಎಂಟನೇ ಭೇಟಿ ಸದ್ಯಕ್ಕೆ ಕೊನೆಯದು. ನಿದ್ದೆ ಸುಮಾರಾಗಿ ಸರಿಯಾಗಿದೆ. ನೋಟ್‌ಬುಕ್ ಎಲ್ಲಿ ಅಂದೆ. ಅದರ ಹಿಂದಿನ ಹಾಳೆಗಳಲ್ಲಿ ಹಾಡು ಬರೀತಿದ್ದಾನಂತೆ, ಮುಂದಿನ ಹಾಳೆಗಳನ್ನು ಹರಿದಿಲ್ಲ. ಹರಿಯಲೇಬೇಕು ಅಂತ ನಾನೂ ಹೇಳಲಿಲ್ಲ.

ಹೋಗುವ ಮುಂಚೆ ಫೋನ್ ತೋರಿಸಿದ. ಹಾಡುವ ಹುಡುಗಿ ಕಳಿಸಿದ್ದಳು: "ಈ ತಿಂಗಳು ಸೊನ್ನೆ. ಪರೀಕ್ಷೆ." ಅದರ ಕೆಳಗೆ ಇವನ ಉತ್ತರ: "ಸರಿ."

ಇದನ್ನು ಟೈಪ್ ಮಾಡೋಕೆ ಎಷ್ಟು ಹೊತ್ತಾಯಿತು ಅಂತ ಕೇಳಿದೆ.

"ಇಪ್ಪತ್ತು ನಿಮಿಷ ಆತ್ರಿ ಮೇಡಂ" ಅಂದ.