ಪಕ್ಕದ ಆಲೆಮನೆಯವರಿಂದ ಕಲಿಯಬಹುದೇ?

ಪ್ರಶ್ನೆ: ಪಾಂಡವಪುರದ ಬಳಿ ನಮ್ಮದೊಂದು ಆಲೆಮನೆ ಇದೆ. ಅಚ್ಚಿನ ಜೊತೆ ಬೆಲ್ಲದ ಪುಡಿಯನ್ನೂ ಮಾಡುವ ಆಸೆ. ಸುತ್ತಮುತ್ತ ಇರೋರೆಲ್ಲ ಪೈಪೋಟಿಯವರೇ. ಹೊಸ ವಿಧಾನ ಯಾರು ಹೇಳಿಕೊಡ್ತಾರೆ?

ಉತ್ತರ: ಆ ಪೈಪೋಟಿಯವರೇ ಹೇಳಿಕೊಡ್ತಾರೆ! ಆಲೆಮನೆಗಳು ಒತ್ತೊತ್ತಾಗಿ ಇರೋದೇ ನಿಮ್ಮ ಬಲ. ಪಾಕ ನೋಡುವವರು ಈ ಹಂಗಾಮಿಗೆ ಒಂದು ಕಡೆ, ಮುಂದಿನ ಹಂಗಾಮಿಗೆ ಇನ್ನೊಂದು ಕಡೆ. ಅವರ ಜೊತೆ ವಿದ್ಯೆಯೂ ಊರಿಂದೂರಿಗೆ ಹೋಗುತ್ತದೆ. ನಮ್ಮಲ್ಲಿ ಬೆಲ್ಲ ಬೆಳ್ಳಗಾಗಿಸುವ ಹೈಡ್ರೋಸ್ ಅನ್ನೋ ರಾಸಾಯನಿಕ ಬಿಟ್ಟು, ಜಜ್ಜಿದ ಬೆಂಡೆಗಿಡದ ಲೋಳೆಯಿಂದ ಕೊಳೆ ತೆಗೆಯೋದು ಶುರುವಾಗಿದ್ದು ಹೀಗೇ. ಒಲೆ ಕಟ್ಟುವ ಮೇಸ್ತ್ರಿಯನ್ನೂ ಕೇಳಿ, ಯಾರ ಆಲೆಮನೆಯಲ್ಲಿ ಒಲೆಗೆ ಹಾಕುವ ಕಬ್ಬಿನ ಸಿಪ್ಪೆ ಉಳಿಯುತ್ತಿದೆ ಅಂತ ಅವರಿಗೆ ಗೊತ್ತಿರುತ್ತದೆ.

ಪುಡಿಗೆ ಮಾತ್ರ ಕಣ್ಣಂದಾಜು ಸಾಲದು. ಅಚ್ಚಿಗೆ ಸುಮಾರು 118 ಡಿಗ್ರಿಗೆ ಪಾಕ ಇಳಿಸುತ್ತೇವೆ, ಪುಡಿಗೆ 120 ಮುಟ್ಟಬೇಕು. ಥರ್ಮಾಮೀಟರ್ ಬೇಕೇ ಬೇಕು. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರ್ಮ್‌ನಲ್ಲಿ ಕಬ್ಬು, ಬೆಲ್ಲದ ಸಂಶೋಧನೆ ನಡೆಯುತ್ತದೆ, ಹೋಗಿ ನೋಡಿ. ಮೈಸೂರಿನಲ್ಲಿ 1950ರಿಂದ ಇರುವ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ತನ್ನ ತಂತ್ರಜ್ಞಾನವನ್ನು ಶುಲ್ಕಕ್ಕೆ ಸಣ್ಣ ಉದ್ದಿಮೆಗಳಿಗೂ ಕೊಡುತ್ತದೆ.

ಒಣಗಿಸುವ ಯಂತ್ರ ಒಬ್ಬರಿಗೇ ಭಾರ. ನಾಲ್ಕೈದು ಆಲೆಮನೆಯವರು ಸೇರಿ ಕೊಳ್ಳಿ. ಸರ್ಕಾರದ ‘ಒಂದು ಜಿಲ್ಲೆ, ಒಂದು ಉತ್ಪನ್ನ’ ಯೋಜನೆಯಲ್ಲಿ ಮಂಡ್ಯಕ್ಕೆ ಆರಿಸಿರುವುದು ಬೆಲ್ಲವೇ ಅಲ್ವಾ? ಜಿಲ್ಲಾ ಕೃಷಿ ಇಲಾಖೆ ಕಚೇರಿಯಲ್ಲಿ ಒಟ್ಟಾಗಿ ಹೋಗಿ, ನೆರವು ಸಿಗುತ್ತದೆಯೇ ಅಂತ ವಿಚಾರಿಸಿ.